ಸೇನಾ ಲಾರಿಗಳ ಪುನರ್ಜನ್ಮ

೧

ಕುರುಕ್ಷೇತ್ರದ ಯುದ್ಧವು ಮುಗಿದ ದಿನ ನಡೆದ ಸಂಗತಿಯೊಂದು ಮಹಾಭಾರತದ ಶಲ್ಯಪರ್ವದಲ್ಲಿ ಹೇಳಲ್ಪಟ್ಟಿದೆ. ಪಾಂಡವರು ದುರ್ಯೋಧನನ ಬರಿದಾದ ಪಾಳೆಯವನ್ನು ಹೊಕ್ಕು ರಥಗಳಿಂದ ಇಳಿಯುವ ಸಮಯದಲ್ಲಿ, ಶ್ರೀಕೃಷ್ಣನು ಅರ್ಜುನನನ್ನು ಕುರಿತು, ಗಾಂಡೀವವನ್ನೂ ಬತ್ತಳಿಕೆಗಳನ್ನೂ ತೆಗೆದುಕೊಂಡು ನೀನೇ ಮೊದಲು ಇಳಿಯತಕ್ಕದ್ದೆಂದು ಹೇಳಿ, ತಾನು ಹಿಂದಿನಿಂದ ಇಳಿದನು. ಸಾರಥಿಯು ನೆಲವನ್ನು ಮುಟ್ಟಿದೊಡನೆಯೇ ಧ್ವಜದ ಕಪಿಯು ಅಂತರ್ಧಾನವಾಯಿತು. ಅಷ್ಟು ದಿನ ನೂರಾರು ಸೇನೆಗಳನ್ನು ಎದುರಿಸಿದ ರಥವು ನೊಗ ಮೊದಲಾದ ಸಕಲ ಸಲಕರಣೆಗಳೊಡನೆ ಹೊತ್ತಿ ಉರಿದು ಬೂದಿಯಾಯಿತು. ದ್ರೋಣ ಕರ್ಣರ ಅಸ್ತ್ರಗಳಿಂದ ಅದು ಎಂದೋ ಸುಟ್ಟುಹೋಗಿದ್ದಿತೆಂದೂ, ತಾನು ಅದರ ಮೇಲೆ ಕುಳಿತಿದ್ದ ಕಾರಣದಿಂದ ಮಾತ್ರ ಅದು ನಿಂತಿದ್ದಿತೆಂದೂ ಕೃಷ್ಣನು ಬೆರಗಾದ ಅರ್ಜುನನಿಗೆ ತಿಳಿಸಿದನು.

ಯುದ್ಧಕ್ಕಾಗಿ ಹುಟ್ಟಿದ ರಥವು ಯುದ್ಧದೊಡನೆಯೇ ಮುಗಿದುಹೋಗುವುದು ಕಥೆಗೆ ಶೋಭಿಸುತ್ತದೆ. ಆದರೆ ಇಪ್ಪತ್ತನೆಯ ಶತಮಾನದ ಮಹಾಯುದ್ಧಗಳ ರಥಗಳಿಗೆ ಅಂತಹ ಸುಲಭವಾದ ಮುಕ್ತಿಯು ದೊರೆಯಲಿಲ್ಲ. ಕದನವು ನಿಂತ ಮರುದಿನವೂ ಅವು ಕೆಸರಿನಲ್ಲಿ ಹೂತ ಗಾಲಿಗಳೊಡನೆ, ಸವೆದ ಯಂತ್ರಗಳೊಡನೆ, ಸಾಲುಸಾಲಾಗಿ ನಿಂತಿದ್ದವು. ಅವುಗಳನ್ನು ಯಾರು ಕೊಳ್ಳಬೇಕು, ಯಾರು ರಿಪೇರಿಮಾಡಬೇಕು, ಯಾವ ಬೆಲೆಗೆ ಯಾರ ಕೈಗೆ ಒಪ್ಪಿಸಬೇಕು ಎಂಬ ಪ್ರಶ್ನೆಗಳು ಮೇಲೆ ನೋಡುವುದಕ್ಕೆ ಗುಜರಿ ವ್ಯಾಪಾರದ ಪ್ರಶ್ನೆಗಳಂತೆ ಕಂಡರೂ, ದೊಡ್ಡ ದೊಡ್ಡ ಕಾರ್ಖಾನೆಗಳ ಅಳಿವು ಉಳಿವುಗಳೂ, ರಣದಿಂದ ಹಿಂದಿರುಗಿದ ಸಾಮಾನ್ಯ ಸಿಪಾಯಿಗಳ ಅನ್ನದ ಮಾರ್ಗವೂ ಅವುಗಳಲ್ಲಿ ಅಡಗಿದ್ದವು. ಆ ಇತಿಹಾಸದ ಕೆಲವು ಮುಖ್ಯಾಂಶಗಳನ್ನು ವಾಚಕರ ಅವಗಾಹನೆಗೆ ತರುವುದೇ ಈ ಲೇಖನದ ಉದ್ದೇಶವು.

೨

ಮೊದಲು ಒಂದು ವಿಚಿತ್ರವನ್ನು ಗಮನಿಸತಕ್ಕದ್ದು. ಯುದ್ಧವು ಮುಗಿದ ಬಳಿಕ ಸೇನೆಯ ಲಾರಿಗಳು ವ್ಯಾಪಾರಿಗಳ ಕೈಸೇರಿದುವೆಂಬುದು ಕಥೆಯ ಉತ್ತರಾರ್ಧ ಮಾತ್ರ. ಪೂರ್ವಾರ್ಧದಲ್ಲಿ ವ್ಯಾಪಾರಿಗಳ ಲಾರಿಗಳೇ ಸೇನೆಯ ಕೈಸೇರಿದ್ದುವು. ೧೯೧೧–೧೨ರ ಸುಮಾರಿನಲ್ಲಿ ಬ್ರಿಟಿಷ್ ಯುದ್ಧಖಾತೆಯವರು ಒಂದು ಸಹಾಯಧನದ ಏರ್ಪಾಟನ್ನು ಮಾಡಿದರು. ತಾವು ಒಪ್ಪಿದ ಮಾದರಿಯ ಲಾರಿಯನ್ನು ಯಾವ ವರ್ತಕನಾದರೂ ಕೊಂಡುಕೊಂಡು ಸುಸ್ಥಿತಿಯಲ್ಲಿ ಇಟ್ಟುಕೊಂಡಿದ್ದರೆ, ಅವನಿಗೆ ಮೂರು ವರ್ಷಗಳ ಅವಧಿಯಲ್ಲಿ ಒಟ್ಟು ೧೧೦ ಪೌಂಡುಗಳು ಸಲ್ಲುತ್ತಿದ್ದುವು. ಯುದ್ಧವೇನಾದರೂ ಒದಗಿದರೆ ಅವನು ಆ ಲಾರಿಯನ್ನು ಸರ್ಕಾರಕ್ಕೆ ಒಪ್ಪಿಸಿಬಿಡಬೇಕು. ಇದರಿಂದ ಸರ್ಕಾರಕ್ಕೆ ಲಾರಿಗಳನ್ನು ಕೊಂಡು ಕೊಟ್ಟಿಗೆಯಲ್ಲಿ ಸುಮ್ಮನೆ ನಿಲ್ಲಿಸುವ ಖರ್ಚು ತಪ್ಪಿತು; ವರ್ತಕನಿಗೆ ಕೊಂಚ ಹಣವೂ ಒಳ್ಳೆಯ ಬಂಡಿಯೂ ದೊರೆತವು.

೧೯೧೪ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಕರೆಯು ಬಂದೇಬಂದಿತು. ಹಿಂದಿನ ದಿನ ಸಾಬೂನು, ಬಿಸ್ಕತ್ತು, ಬೀರುಗಳನ್ನು ಹೊರುತ್ತಿದ್ದ ಬಂಡಿಗಳು ಮಾರನೆಯ ದಿನ ಮದ್ದುಗುಂಡುಗಳನ್ನು ಹೊತ್ತು ಕಡಲನ್ನು ದಾಟಿದುವು. ಅವುಗಳ ಹಿಂದೆಯೇ ಲಂಡನ್ ನಗರದ ಬೀದಿಗಳಲ್ಲಿ ಜನರನ್ನು ಒಯ್ಯುತ್ತಿದ್ದ ‘ಬಿ’ ಮಾದರಿಯ ಎರಡಂತಸ್ತಿನ ಬಸ್ಸುಗಳೂ ಹೊರಟವು. ಸುಮಾರು ೯೦೦ ಬಸ್ಸುಗಳು ಹೀಗೆ ಸೇನೆಗೆ ಸೇರಿದವು; ಅವುಗಳ ಕೆಂಬಣ್ಣವು ಹೋಗಿ ಖಾಕಿ ಬಣ್ಣ ಬಂದಿತು; ಗಾಜಿನ ಕಿಟಕಿಗಳಿಗೆ ಹಲಗೆಗಳನ್ನು ಬಡಿದರು. ಕೆಲವು ಬಸ್ಸುಗಳಂತೂ ಸಂದೇಶವಾಹಕ ಪಾರಿವಾಳಗಳ ಗೂಡುಗಳಾಗಿ ಮಾರ್ಪಟ್ಟವು.

ಮೋಟಾರು ಲಾರಿಯಿಲ್ಲದೆ ಇನ್ನು ಯುದ್ಧವೇ ಸಾಗದೆಂಬುದು ೧೯೧೬ರಲ್ಲಿ ಲೋಕಕ್ಕೆಲ್ಲ ತಿಳಿಯಿತು. ಫ್ರಾನ್ಸಿನ ವೆರ್ದೂನ್ ದುರ್ಗವನ್ನು ಜರ್ಮನರು ಮುತ್ತಿದಾಗ ರೈಲುಮಾರ್ಗಗಳು ಕೈಬಿಟ್ಟುಹೋಗಿ, ಬಾರ್-ಲ-ದ್ಯುಕ್ ಪಟ್ಟಣದಿಂದ ಬರುವ ಸುಮಾರು ೪೫ ಮೈಲಿಗಳ ರಸ್ತೆಯೊಂದೇ ದುರ್ಗರಕ್ಷಕರಿಗೆ ಆಧಾರವಾಗಿ ಉಳಿಯಿತು. ಮೂರು ಸಾವಿರಕ್ಕೂ ಹೆಚ್ಚು ಲಾರಿಗಳು ಹಗಲಿರುಳೆನ್ನದೆ ಒಂದರ ಬೆನ್ನಿಗೊಂದು ಆ ರಸ್ತೆಯಲ್ಲಿ ಹರಿದವು. ಕೆಟ್ಟು ನಿಂತ ಬಂಡಿಯನ್ನು ಪಕ್ಕದ ಹಳ್ಳಕ್ಕೆ ನೂಕಿ, ಹಿಂದಿನದಕ್ಕೆ ದಾರಿಮಾಡಿಕೊಡುತ್ತಿದ್ದರು. ಸವೆಯುತ್ತಿದ್ದ ರಸ್ತೆಯ ಮೇಲೆ ಸಾವಿರಾರು ಮಂದಿ ಜಲ್ಲಿಯನ್ನು ಎರಚುತ್ತಲೇ ಇದ್ದರು. ಓಡುವ ಗಾಲಿಗಳೇ ಅದನ್ನು ಅರೆದು ನೆಲಕ್ಕೆ ಕೂಡಿಸುತ್ತಿದ್ದವು. ಫ್ರೆಂಚರು ಆ ರಸ್ತೆಗೆ ‘ಪವಿತ್ರಮಾರ್ಗ’ವೆಂಬ ಹೆಸರನ್ನೇ ಇಟ್ಟರು. ಯುದ್ಧಾರಂಭದಲ್ಲಿ ಬ್ರಿಟಿಷ್ ಸೈನ್ಯದ ಸ್ವಂತ ಲಾರಿಗಳು ಬೆರಳಿನಲ್ಲಿ ಎಣಿಸುವಷ್ಟಿದ್ದುವೆಂದರೆ ಅತಿಶಯೋಕ್ತಿಯಾಗಲಾರದು; ನಾಲ್ಕು ವರ್ಷಗಳ ತರುವಾಯ ಅವುಗಳ ಸಂಖ್ಯೆಯು ಐವತ್ತು ಸಾವಿರವನ್ನು ಮೀರಿದ್ದಿತು.

೩

೧೯೧೮ರ ನವೆಂಬರು ೧೧ರಂದು ತೋಪುಗಳು ಮೌನವನ್ನು ತಾಳಿದವು. ಆಗ ಸರ್ಕಾರದವರ ಮುಂದೆ ಹೊಸದೊಂದು ಗಂಡಾಂತರವು ತಲೆಯೆತ್ತಿತು. ಇಷ್ಟು ಸಹಸ್ರ ಲಾರಿಗಳನ್ನು ಒಮ್ಮೆಗೇ ಪೇಟೆಗೆ ಬಿಟ್ಟರೆ ಬೆಲೆಗಳು ಕುಸಿದು, ಹೊಸ ಲಾರಿಗಳನ್ನು ತಯಾರಿಸುವ ಕಾರ್ಖಾನೆಗಳು ಬಾಗಿಲು ಹಾಕಬೇಕಾಗುವುದು. ಬಿಡದೆ ಇಟ್ಟುಕೊಂಡರೆ ಅವು ಮಳೆಗೆ ನೆನೆದು ತುಕ್ಕುಹಿಡಿದು, ಪ್ರಜೆಗಳ ತೆರಿಗೆಯ ಹಣವು ಮಣ್ಣುಪಾಲಾಗುವುದು.

ಈ ಸಂಕಟದ ಕೇಂದ್ರವಾಗಿ ನಿಂತದ್ದು ಸ್ಲೌ ಎಂಬ ಊರು. ಲಂಡನ್ ನಗರಕ್ಕೆ ಪಶ್ಚಿಮದಲ್ಲಿ ಸುಮಾರು ೨೦ ಮೈಲಿಗಳ ದೂರದಲ್ಲಿರುವ ಈ ಊರಿನ ಬಳಿ, ಸೇನೆಯ ಕೆಟ್ಟ ವಾಹನಗಳನ್ನು ರಿಪೇರಿಮಾಡುವುದಕ್ಕಾಗಿ ೧೯೧೮ರಲ್ಲಿ ಸರ್ಕಾರದವರು ೬೦೦ ಎಕರೆಗೂ ಮಿಕ್ಕ ಉಳುವ ಭೂಮಿಯನ್ನು ಸ್ವಾಧೀನಪಡಿಸಿಕೊಂಡಿದ್ದರು. ಕಟ್ಟಡಗಳು ಪೂರ್ಣವಾಗುವುದಕ್ಕೆ ಮುಂಚೆಯೇ ಯುದ್ಧವು ಮುಗಿದುಹೋಯಿತು; ಆದರೆ ಕೆಲಸವು ನಿಲ್ಲಲಿಲ್ಲ. ಇದನ್ನು ಕಂಡು ಪಾರ್ಲಿಮೆಂಟಿನಲ್ಲಿ ದೊಡ್ಡ ಗದ್ದಲವೆದ್ದಿತು. ೧೯೧೯ರಲ್ಲಿ ಉಭಯಸಭೆಗಳ ಸಮಿತಿಯೊಂದು ವಿಚಾರಣೆಗೆ ಕುಳಿತಿತು. ಇತ್ತ ರಣಭೂಮಿಯಿಂದ ಬಂದ ಲಾರಿ, ಕಾರು, ಆಂಬ್ಯುಲೆನ್ಸು, ಮೋಟಾರು ಸೈಕಲುಗಳು ಬಯಲಿನ ತುಂಬ ರಾಶಿಬಿದ್ದವು. ಸ್ಥಳದ ಜನರು ಅದಕ್ಕೆ ‘ತಿಪ್ಪೆ’ಯೆಂಬ ಅರ್ಥದ ಅಡ್ಡಹೆಸರನ್ನು ಇಟ್ಟು ನಗುತ್ತಿದ್ದರು.

೧೯೨೦ರಲ್ಲಿ ಆ ತಿಪ್ಪೆಯನ್ನು ಇಡಿಯಾಗಿ ಕೊಳ್ಳುವವರು ಮುಂದೆ ಬಂದರು. ಹಿಂದೆ ಫೋರ್ಡ್ ಕಂಪೆನಿಯ ಇಂಗ್ಲೆಂಡಿನ ವ್ಯವಹಾರವನ್ನು ನಡೆಸಿದ್ದ ಸರ್ ಪರ್ಸಿವಲ್ ಪೆರಿ, ಮುಂದೆ ಸರ್ ಪದವಿಯನ್ನು ಪಡೆದ ನೋಯೆಲ್ ಮಾಬ್ಸ್ ಮುಂತಾದವರು ಕೂಡಿ, ಭೂಮಿ, ಕಟ್ಟಡ, ವಾಹನಗಳೆಲ್ಲವನ್ನೂ ೭೦ ಲಕ್ಷ ಪೌಂಡುಗಳಿಗೂ ಹೆಚ್ಚಿನ ಮೊತ್ತಕ್ಕೆ ಕೊಂಡುಕೊಂಡರು. ವಾಹನಗಳ ಸಂಖ್ಯೆಯು ಹದಿನೈದು ಸಾವಿರವನ್ನು ಮೀರಿದ್ದಿತು. ಸಾವಿರಾರು ಮಂದಿ ಕೆಲಸಗಾರರು ಅವುಗಳನ್ನು ಒಂದೊಂದಾಗಿ ಬಿಚ್ಚಿ, ತೊಳೆದು, ಜೋಡಿಸಿ, ಬಣ್ಣಹಚ್ಚಿ ಮಾರಾಟಕ್ಕೆ ಅಣಿಮಾಡಿದರು.

ಇಲ್ಲಿ ಇನ್ನೊಂದು ಆಶ್ಚರ್ಯವುಂಟು. ಲಾರಿಗಳು ಮಾರಾಟವಾಗುತ್ತ ಬಂದಂತೆ ಕಾರ್ಖಾನೆಯ ಕೊಠಡಿಗಳು ಒಂದೊಂದಾಗಿ ಬರಿದಾದವು. ಬರಿದಾದ ಕೊಠಡಿಗಳನ್ನು ಕಂಪೆನಿಯವರು ಬೇರೆ ಉದ್ಯಮಗಳಿಗೆ ಬಾಡಿಗೆಗೆ ಕೊಟ್ಟರು. ರಸ್ತೆ, ರೈಲು, ವಿದ್ಯುತ್ತು, ಹಬೆಗಳೆಲ್ಲ ಸಿದ್ಧವಾಗಿದ್ದುದರಿಂದ ಬಾಡಿಗೆಗೆ ಬರುವವರಿಗೆ ಕೊರತೆಯಿರಲಿಲ್ಲ. ೧೯೨೫ರಲ್ಲಿ ಪಾರ್ಲಿಮೆಂಟು ಇದಕ್ಕೆಂದು ಒಂದು ಕಾನೂನನ್ನೇ ಮಾಡಿತು. ೧೯೨೬ರಲ್ಲಿ ಸಿಟ್ರೊಯೆನ್ ಕಾರಿನ ಕಾರ್ಖಾನೆಯೂ, ೧೯೩೨ರಲ್ಲಿ ಮಾರ್ಸ್ ಮಿಠಾಯಿಯ ಕಾರ್ಖಾನೆಯೂ ಅಲ್ಲಿಗೆ ಬಂದವು. ನಿರುದ್ಯೋಗದಿಂದ ಕಂಗೆಟ್ಟ ವೇಲ್ಸ್ ಪ್ರಾಂತದ ಗಣಿಕೆಲಸಗಾರರು ತಂಡತಂಡವಾಗಿ ಸ್ಲೌ ಊರಿಗೆ ವಲಸೆಬಂದು ಬದುಕನ್ನು ಕಂಡುಕೊಂಡರು. ಇಂದಿಗೂ ಅದು ಇಂಗ್ಲೆಂಡಿನ ಪ್ರಸಿದ್ಧವಾದ ಕೈಗಾರಿಕಾ ವಸಾಹತು. ಹಾಳಾದ ಲಾರಿಗಳನ್ನು ದುರಸ್ತಿಮಾಡಹೊರಟ ಬಯಲು ಕಡೆಗೆ ಒಂದು ಪಟ್ಟಣವನ್ನೇ ಕಟ್ಟಿತು.

೪

ಸ್ಲೌ ಪ್ರಯತ್ನವು ವ್ಯಾಪಾರಿಗಳ ಲಾಭದ ಲೆಕ್ಕದಿಂದ ಹುಟ್ಟಿದ್ದು. ಇದಕ್ಕಿಂತ ಭಿನ್ನವಾದದ್ದು ಲೇಲ್ಯಾಂಡ್ ಕಂಪೆನಿಯ ಕಥೆ. ಲ್ಯಾಂಕಷೈರ್ ಪ್ರಾಂತದ ಲೇಲ್ಯಾಂಡ್ ಎಂಬ ಊರಿನಲ್ಲಿ ಸಮ್ನರ್ ಮತ್ತು ಸ್ಪರಿಯರ್ ಮನೆತನದವರು ೧೮೯೬ರಲ್ಲಿ ಹಬೆಯಿಂದ ಓಡುವ ಬಂಡಿಗಳನ್ನು ಮಾಡುವ ಒಂದು ಸಣ್ಣ ಸಂಸ್ಥೆಯನ್ನು ಆರಂಭಿಸಿದರು. ೧೯೦೭ರಲ್ಲಿ ಅದಕ್ಕೆ ಲೇಲ್ಯಾಂಡ್ ಮೋಟಾರ್ಸ್ ಎಂಬ ಹೆಸರಾಯಿತು. ಯುದ್ಧಕಾಲದಲ್ಲಿ ಈ ಕಂಪೆನಿಯು ಬ್ರಿಟಿಷ್ ಸೇನೆಗೆ ೫,೯೩೨ ವಾಹನಗಳನ್ನು ಒದಗಿಸಿತು. ಅವುಗಳಲ್ಲಿ ಬಹುಪಾಲು ವಿಮಾನದಳದ ಉಪಯೋಗಕ್ಕೆ ಹೋದ ಮೂರು ಟನ್ನಿನ ಲಾರಿಗಳಾದುದರಿಂದ, ಆ ಮಾದರಿಗೆ ‘ಆರ್. ಎ. ಎಫ್.’ ಎಂಬ ವಿಮಾನದಳದ ಹೆಸರೇ ರೂಢಿಯಾಯಿತು. ವಿಮಾನಗಳ ಬಿಡಿಭಾಗ, ಪೆಟ್ರೋಲು, ಸಂಚಾರಿ ಕಮ್ಮಟ ಎಲ್ಲವೂ ಅವುಗಳ ಬೆನ್ನಮೇಲೆಯೇ ಸಾಗುತ್ತಿದ್ದವು.

ಯುದ್ಧವು ಮುಗಿದಾಗ ಈ ಲಾರಿಗಳೂ ಹರಾಜಿಗೆ ಬಂದವು. ಕಂಪೆನಿಯವರ ಮುಂದೆ ಎರಡು ದಾರಿಗಳಿದ್ದವು. ಸುಮ್ಮನಿದ್ದರೆ, ಸವೆದ ಲಾರಿಗಳನ್ನು ಯಾರೋ ದಲ್ಲಾಳಿಗಳು ಮೇಲೆ ಬಣ್ಣ ಬಳಿದು ಅಮಾಯಕರಿಗೆ ಮಾರುವರು. ಅವು ದಾರಿಯಲ್ಲಿ ಕೆಟ್ಟು ನಿಂತಾಗ ಜನರು ದಲ್ಲಾಳಿಯನ್ನು ಬಯ್ಯುವುದಿಲ್ಲ, ಬಂಡಿಯ ಮುಂದೆ ಎರಕಹೊಯ್ದ ಲೇಲ್ಯಾಂಡ್ ಎಂಬ ಹೆಸರನ್ನು ಬಯ್ಯುವರು. ಮತ್ತೊಂದು ದಾರಿಯೆಂದರೆ, ತಾವೇ ಅವನ್ನು ಮರಳಿ ಕೊಂಡು, ಹೊಸದರಂತೆ ಮಾಡಿ ಮಾರುವುದು. ಹೆನ್ರಿ ಸ್ಪರಿಯರನ ಕಂಪೆನಿಯು ಎರಡನೆಯ ದಾರಿಯನ್ನು ಹಿಡಿಯಿತು. ಸುಮಾರು ೩,೦೦೦ ಲಾರಿಗಳನ್ನು ಸರ್ಕಾರದಿಂದ ಕೊಂಡು, ಕಿಂಗ್‌ಸ್ಟನ್ ಪಟ್ಟಣದ ಹತ್ತಿರದ ಹ್ಯಾಮ್ ಎಂಬಲ್ಲಿ, ಯುದ್ಧಕಾಲದಲ್ಲಿ ವಿಮಾನಗಳನ್ನು ಕಟ್ಟುತ್ತಿದ್ದ ವಿಶಾಲವಾದ ಕಾರ್ಖಾನೆಯನ್ನು ವಹಿಸಿಕೊಂಡು, ಅಲ್ಲಿ ಪುನರುದ್ಧಾರದ ಕೆಲಸವನ್ನು ಹೂಡಿತು.

ಕೀರ್ತಿಯನ್ನು ಕಾಪಾಡಿಕೊಳ್ಳುವುದಕ್ಕೆ ಬೆಲೆಯನ್ನು ತೆರಲೇಬೇಕಾಯಿತು. ಹಳೆಯ ಲಾರಿಯು ಹೊಸದರಂತೆಯೇ ಓಡುತ್ತಿದ್ದುದರಿಂದ ಹೊಸ ಲಾರಿಯನ್ನು ಕೇಳುವವರು ವಿರಳವಾದರು. ತನ್ನ ಕೈಯಿಂದಲೇ ಬದುಕಿದ ಲಾರಿಯು ತನ್ನ ಹೊಸ ಸರಕಿಗೆ ಪ್ರತಿಸ್ಪರ್ಧಿಯಾಗಿ ನಿಂತಿತು. ೧೯೨೦ರ ಕೊನೆಯಲ್ಲಿ ವ್ಯಾಪಾರದ ಮಂದಗತಿಯು ಬೇರೆ ಬಂದು ಕವಿಯಿತು. ಕಂಪೆನಿಯು ಭಾರಿಯ ನಷ್ಟಕ್ಕೆ ಗುರಿಯಾಗಿ, ಕೆಲವು ವರ್ಷ ಮುಳುಗುವ ಹಂತದಲ್ಲಿಯೇ ಇದ್ದಿತು. ಹ್ಯಾಮ್ ಕಾರ್ಖಾನೆಗೆ ಕೆಲಸವನ್ನು ಒದಗಿಸುವುದಕ್ಕಾಗಿ ಟ್ರೋಜನ್ ಎಂಬ ಅಗ್ಗದ ಸಣ್ಣ ಕಾರನ್ನೂ ಅಲ್ಲಿ ಮಾಡಬೇಕಾಯಿತು. ಕಡೆಗೆ ೧೯೨೭ರಲ್ಲಿ ಟೈಟನ್ ಎಂಬ ಎರಡಂತಸ್ತಿನ ಬಸ್ಸೂ ಟೈಗರ್ ಎಂಬ ಒಂದಂತಸ್ತಿನ ಬಸ್ಸೂ ಹೊರಬಂದ ಮೇಲೆ ಕಂಪೆನಿಯು ಮತ್ತೆ ತಲೆಯೆತ್ತಿತು. ಆ ಬಸ್ಸುಗಳನ್ನು ಕೊಳ್ಳುವವರು ಕೊಂಡದ್ದು ಯಂತ್ರವನ್ನಷ್ಟೇ ಅಲ್ಲ, ಆ ಹೆಸರಿನಲ್ಲಿದ್ದ ನಂಬಿಕೆಯನ್ನೂ ಕೂಡ. ಆ ನಂಬಿಕೆಯು ಯುದ್ಧಾನಂತರದ ಕಷ್ಟದ ವರ್ಷಗಳಲ್ಲಿ ಕೆಡದೆ ಉಳಿದದ್ದರಲ್ಲಿ, ಕೈಸುಟ್ಟುಕೊಂಡು ಉದ್ಧರಿಸಿದ ಆ ಹಳೆಯ ಲಾರಿಗಳ ಪಾಲೂ ಇದ್ದಿತು.

೫

ಲಾರಿಯೊಂದನ್ನು ಪುನರುದ್ಧಾರಮಾಡುವುದೆಂದರೆ ಏನೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅಪ್ರಕೃತವಾಗಲಾರದು.

ಆ ಕಾಲದ ಲಾರಿಯು ಇಂದಿನದಕ್ಕಿಂತ ಎಷ್ಟೋ ಸರಳವಾದ ವಸ್ತು. ಉಕ್ಕಿನ ಚೌಕಟ್ಟು, ಅದರ ಮುಂಭಾಗದಲ್ಲಿ ನಾಲ್ಕು ಸಿಲಿಂಡರುಗಳ ಪೆಟ್ರೋಲ್ ಎಂಜಿನ್ನು, ನಡುವೆ ಗೇರುಪೆಟ್ಟಿಗೆ, ಹಿಂದೆ ಗಾಲಿಯನ್ನು ತಿರುಗಿಸುವ ಅಚ್ಚು, ಮೇಲೆ ಮರದ ತೊಟ್ಟಿ. ಗಾಳಿ ತುಂಬಿದ ಟೈರುಗಳಿರಲಿಲ್ಲ. ಗಟ್ಟಿಯಾದ ರಬ್ಬರಿನ ಪಟ್ಟಿಗಳೇ ಟೈರುಗಳು. ಮುಂದಿನ ಹಿಡಿಯನ್ನು ಕೈಯಿಂದ ತಿರುವಿಯೇ ಎಂಜಿನ್ನನ್ನು ಚಾಲಿಸಬೇಕು. ಹುಷಾರಿಲ್ಲದವನ ಮಣಿಕಟ್ಟನ್ನು ಅದು ಮುರಿದೇ ಬಿಡುತ್ತಿದ್ದಿತು. ದೀಪಗಳಿಗೆ ಕಾರ್ಬೈಡ್ ಹರಳಿನ ಮೇಲೆ ನೀರು ತೊಟ್ಟಿಕ್ಕಿ ಹುಟ್ಟುವ ಅಸಿಟಿಲೀನ್ ಅನಿಲವೇ ಗತಿ.

ರಣರಂಗದಿಂದ ಬಂದ ಇಂತಹ ಬಂಡಿಯನ್ನು ಮೊದಲು ಪೂರ್ತಿಯಾಗಿ ಬಿಚ್ಚಿ, ಒಂದೊಂದು ಭಾಗವನ್ನೂ ಕುದಿಯುವ ಸೋಡಾ ನೀರಿನಲ್ಲಿ ಅದ್ದಿ, ವರ್ಷಗಟ್ಟಲೆ ಗಟ್ಟಿಕಟ್ಟಿದ ಎಣ್ಣೆಮಣ್ಣುಗಳನ್ನು ಕಳೆಯಬೇಕು. ಆಗ ಮಾತ್ರ ಒಳಗಿನ ಬಿರುಕುಗಳು ಕಣ್ಣಿಗೆ ಬೀಳುವುವು. ಗುಂಡಿಗಳಲ್ಲಿ ಬಿದ್ದೆದ್ದು ಸೊಟ್ಟಗಾದ ಚೌಕಟ್ಟನ್ನು ನೂಲುಹಿಡಿದು ನೋಡಿ, ನೇರಮಾಡಿ, ಸಡಿಲವಾದ ರಿವೆಟ್ಟುಗಳನ್ನು ಕಿತ್ತು ಹೊಸದನ್ನು ಕೆಂಪಗೆ ಕಾಯಿಸಿ ಬಡಿಯಬೇಕು. ಎಂಜಿನ್ನಿನ ಮುಖ್ಯ ದಂಡವು ತಿರುಗುವ ಬೇರಿಂಗುಗಳಿಗೆ ಬಿಳಿಲೋಹವನ್ನು ಕರಗಿಸಿ ಹೊಯ್ದು, ದಂಡಕ್ಕೆ ನೀಲಿಬಣ್ಣವನ್ನು ತೆಳುವಾಗಿ ಸವರಿ ತಿರುಗಿಸಿ, ಬಣ್ಣವು ಅಂಟಿದ ಉಬ್ಬುಗಳನ್ನು ಮಾತ್ರ ಕೈ ಉಳಿಯಿಂದ ಹೆರೆಯುತ್ತ ಹೋಗಬೇಕು. ದಂಡವು ಎಲ್ಲ ಕಡೆಯೂ ಸಮನಾಗಿ ಕೂರುವ ತನಕ ಈ ಹೆರೆಯುವಿಕೆಯು ಮುಗಿಯದು. ಇದರಲ್ಲಿ ಅವಸರಪಟ್ಟ ಮೇಸ್ತ್ರಿಯ ಕೆಲಸವು ನೂರು ಮೈಲಿಯೊಳಗೆ ಬಯಲಾಗುವುದು. ಕ್ಲಚ್ಚಿಗೆ ಹೊದಿಸಿದ ತೊಗಲು ಸುಟ್ಟು ಗಟ್ಟಿಯಾಗಿರುವುದರಿಂದ ಹೊಸ ತೊಗಲನ್ನು ಎಣ್ಣೆಯಲ್ಲಿ ನೆನೆಸಿ ಮೆದುಮಾಡಿ ಹಚ್ಚಬೇಕು. ಕಿಡಿಯನ್ನು ಹುಟ್ಟಿಸುವ ಮ್ಯಾಗ್ನೆಟೊ ಯಂತ್ರವನ್ನು ಒಣಗಿಸಿ ಪರೀಕ್ಷಿಸಬೇಕು. ಈ ಮ್ಯಾಗ್ನೆಟೊಗಳಿಗೆ ಇಂಗ್ಲೆಂಡು ಯುದ್ಧಕ್ಕೆ ಮುಂಚೆ ಜರ್ಮನಿಯ ಬಾಷ್ ಕಂಪೆನಿಯನ್ನೇ ಹೆಚ್ಚಾಗಿ ನೆಚ್ಚಿದ್ದಿತು. ಶತ್ರುವಾದ ಬಳಿಕ ಆ ವಿದ್ಯೆಯನ್ನು ತರಾತುರಿಯಿಂದ ತಾನೇ ಕಲಿಯಬೇಕಾಯಿತು. ಕೊನೆಯದಾಗಿ ಟೈರುಗಳು. ರಬ್ಬರಿನ ಪಟ್ಟಿಯು ಉಕ್ಕಿನ ಬಳೆಯೊಂದಕ್ಕೆ ಅಂಟಿರುವುದರಿಂದ, ಅದನ್ನು ಗಾಲಿಗೆ ತೊಡಿಸುವುದಕ್ಕೆ ಜಲಶಕ್ತಿಯ ಒತ್ತುಯಂತ್ರವೇ ಬೇಕು. ಹಳ್ಳಿಯ ಕಮ್ಮಾರನಿಂದ ಇದು ಸಾಧ್ಯವಿಲ್ಲ. ಟೈರು ಸವೆದ ಮಾಲೀಕನು ಗಾಲಿಗಳನ್ನು ಕಳಚಿಕೊಂಡು ಪಟ್ಟಣಕ್ಕೇ ಹೋಗಬೇಕು.

ದೊಡ್ಡ ಕಾರ್ಖಾನೆಯಲ್ಲಿ ಇದೆಲ್ಲ ಕ್ರಮವಾಗಿ ನಡೆಯುತ್ತಿದ್ದಿತು. ಆದರೆ ಹರಾಜಿನಿಂದ ನೇರವಾಗಿ ಕೊಂಡ ಬಡವನಿಗೆ, ಬಣ್ಣದ ಕೆಳಗೆ ಏನಿದೆಯೆಂಬುದು ಮನೆಗೆ ಬಂದ ಮೇಲೆಯೇ ತಿಳಿಯುವುದು.

೬

ಕೊಂಡವರು ಯಾರು? ಬಹುಮಟ್ಟಿಗೆ, ಹಿಂದೆ ಅವುಗಳನ್ನು ನಡೆಸಿದವರೇ. ಸೇನೆಯ ಸರಬರಾಯಿ ದಳದಲ್ಲಿ ಸಾವಿರಾರು ಮಂದಿ ಯುವಕರು ಲಾರಿ ನಡೆಸುವುದನ್ನೂ ರಿಪೇರಿಮಾಡುವುದನ್ನೂ ಕಲಿತಿದ್ದರು. ಬಿಡುಗಡೆಯಾಗುವಾಗ ಅವರ ಕೈಗೆ ಒಂದಿಷ್ಟು ಇನಾಮು ಹಣವು ಬಂದಿತು. ಯುದ್ಧಕ್ಕೆ ಮುಂಚೆ ಪರರ ಕುದುರೆಗೆ ಹುಲ್ಲು ಹಾಕುತ್ತಿದ್ದವನು ಈಗ ಸ್ವಂತ ಲಾರಿಯ ಒಡೆಯನಾಗುವ ಕನಸನ್ನು ಕಂಡನು. ಒಬ್ಬನ ಹಣ ಸಾಲದಿದ್ದರೆ ಅಣ್ಣತಮ್ಮಂದಿರೋ, ಒಂದೇ ತುಕಡಿಯಲ್ಲಿದ್ದ ಗೆಳೆಯರೋ ಕೂಡಿ ಕೊಂಡರು. ಇಂಗ್ಲೆಂಡಿನ ಎಷ್ಟೋ ಸಾಗಾಟದ ಮತ್ತು ಬಸ್ಸಿನ ಮನೆತನಗಳ ಮೂಲವು ಹೀಗೆ ಒಂದು ಹಳೆಯ ಸೇನಾ ಲಾರಿಯಲ್ಲಿದೆ.

ಬಂಡಿಯೊಂದೇ ಆದರೂ ಅದರ ಕೆಲಸ ಎರಡಾಗಿದ್ದಿತು. ವಾರದ ದಿನಗಳಲ್ಲಿ ಕಲ್ಲಿದ್ದಲು, ಇಟ್ಟಿಗೆ, ತರಕಾರಿಗಳನ್ನು ಹೊರುವುದು. ಶನಿವಾರ ಸಾಯಂಕಾಲ ತೊಟ್ಟಿಯನ್ನು ರಾಟೆಗಳಿಂದ ಮೇಲೆತ್ತಿ ಕಳಚಿ, ಸಾಲುಬೆಂಚುಗಳಿರುವ ‘ಷಾರಬಾಂಕ್’ ಎಂಬ ತೆರೆದ ಆಸನದ ಚೌಕಟ್ಟನ್ನು ಇಳಿಸುವುದು. ಭಾನುವಾರ ಗಿರಣಿಯ ಕೂಲಿಗಾರರ ಸಂಸಾರಗಳನ್ನು ಕಡಲತೀರಕ್ಕೆ ಕರೆದೊಯ್ಯುವುದು. ಗಟ್ಟಿ ಟೈರಿನ ಕುಲುಕಾಟದಿಂದ ಮೈಕೈ ನೊಂದರೂ, ಹುಟ್ಟಿದ ಮೇಲೆ ಸಮುದ್ರವನ್ನೇ ಕಾಣದಿದ್ದವರು ಅದನ್ನು ಕಂಡರು. ಲಂಡನ್ ನಗರದಲ್ಲಿಯೂ ಬಸ್ಸುಗಳು ಸಾಲದಾದುದರಿಂದ ೧೯೧೯ರಲ್ಲಿ ಸೇನೆಯ ಮಾದರಿಯ ಲಾರಿಗಳಿಗೇ ಬೆಂಚುಗಳನ್ನು ಜೋಡಿಸಿ ಜನರನ್ನು ಸಾಗಿಸಿದರು.

ಅದೇ ವರ್ಷದ ಸೆಪ್ಟೆಂಬರು ೨೭ರಿಂದ ಅಕ್ಟೋಬರು ೫ರ ವರೆಗೆ ನಡೆದ ರೈಲ್ವೆ ಮುಷ್ಕರವು ಲಾರಿಯ ಮಹಿಮೆಯನ್ನು ಜನಕ್ಕೆ ತೋರಿಸಿಕೊಟ್ಟಿತು. ರೈಲುಗಳು ನಿಂತರೆ ನಗರಗಳು ಉಪವಾಸಬೀಳುವುವೆಂದು ಎಲ್ಲರೂ ಹೆದರಿದ್ದರು. ಸರ್ಕಾರದವರು ಲಂಡನ್ನಿನ ಹೈಡ್ ಉದ್ಯಾನವನ್ನು ಹಾಲಿನ ಕೇಂದ್ರವಾಗಿ ಮಾಡಿಕೊಂಡು ಸೇನೆಯ ಲಾರಿಗಳಿಂದಲೇ ಆಹಾರವನ್ನು ಹಂಚಿಸಿದರು. ನಗರವು ಉಪವಾಸಬೀಳಲಿಲ್ಲ. ಮುಷ್ಕರಮಾಡಿದ ಕೂಲಿಗಾರರ ದೃಷ್ಟಿಯಿಂದ ಇದು ಹರ್ಷದ ವಾರ್ತೆಯಾಗಿರಲಿಲ್ಲವೆಂಬುದನ್ನೂ ಮರೆಯತಕ್ಕದ್ದಲ್ಲ. ಯಂತ್ರವು ಯಾರ ಪಕ್ಷವನ್ನೂ ತಾನಾಗಿ ಹಿಡಿಯುವುದಿಲ್ಲ. ಆದರೆ ಅಂದಿನಿಂದ ರೈಲಿಗೆ ರಸ್ತೆಯು ಸಮಾನ ಸ್ಪರ್ಧಿಯಾಗಿ ನಿಂತಿತು.

ಇಲ್ಲಿಯ ತನಕ ಶುಕ್ಲಪಕ್ಷದ ಕಥೆಯಾಯಿತು. ಇನ್ನು ಕೃಷ್ಣಪಕ್ಷವನ್ನು ಹೇಳಬೇಕು. ಲಾರಿಗಳು ಹೆಚ್ಚಿದಂತೆ ಹೊರೆಗಳು ಹೆಚ್ಚಲಿಲ್ಲ. ೧೯೨೧ರ ಬೇಸಿಗೆಯಲ್ಲಿ ಇಂಗ್ಲೆಂಡಿನ ನಿರುದ್ಯೋಗಿಗಳ ಸಂಖ್ಯೆಯು ೨೦ ಲಕ್ಷವನ್ನು ಮೀರಿತು. ಇದ್ದ ಹೊರೆಗಾಗಿ ನಾಲ್ವರು ಪೈಪೋಟಿಮಾಡಿ ಬಾಡಿಗೆಯನ್ನು ಇಳಿಸಿದರು. ಪೆಟ್ರೋಲಿನ ಖರ್ಚು ದಿನದಿನವೂ ಕಣ್ಣಿಗೆ ಕಾಣುತ್ತದೆ. ಆದರೆ ಬಂಡಿಯ ಸವಕಳಿಯ ಖರ್ಚು ಕಾಣುವುದಿಲ್ಲ. ಅದಕ್ಕೆಂದು ಪ್ರತಿ ಮೈಲಿಗೆ ಇಷ್ಟೆಂದು ತೆಗೆದಿಡಬೇಕೆಂಬ ಲೆಕ್ಕವು ಆ ಸಿಪಾಯಿಗಳಿಗೆ ತಿಳಿದಿರಲಿಲ್ಲ. ಸೇನೆಯಲ್ಲಿ ಟೈರು ಸವೆದರೆ ಉಗ್ರಾಣದಿಂದ ಮತ್ತೊಂದು ಬರುತ್ತಿದ್ದಿತು. ಇಲ್ಲಿ ತನ್ನ ಕಿಸೆಯಿಂದಲೇ ಬರಬೇಕು. ಹೋಗುವಾಗ ತುಂಬಿದ ಬಂಡಿಯು ಬರುವಾಗ ಬರಿದಾಗಿ ಬಂದರೆ ಅರ್ಧ ದಾರಿಯ ಖರ್ಚು ಮೈಮೇಲೆ ಬೀಳುವುದು. ಹೀಗೆ ಲಾಭವೆಂದು ಎಣಿಸಿ ತಿಂದದ್ದು ಮೂಲಧನವೇ ಆಗಿದ್ದಿತೆಂಬುದು, ಎಂಜಿನ್ನು ಮುರಿದುಬಿದ್ದ ದಿನ ಅವರಿಗೆ ಅರಿವಾಯಿತು. ನಿದ್ದೆಗೆಟ್ಟು ಗಂಟೆಗೆ ೧೨ ಮೈಲಿಯ ವೇಗದಲ್ಲಿ ರಾತ್ರಿಯೆಲ್ಲ ಲಾರಿ ನಡೆಸಿದ ಎಷ್ಟೋ ಮಂದಿ ಕಡೆಗೆ ಲಾರಿಯನ್ನೂ ಇನಾಮು ಹಣವನ್ನೂ ಒಟ್ಟಿಗೆ ಕಳೆದುಕೊಂಡರು.

ಉಳಿದವರು ಲೆಕ್ಕವನ್ನು ಕಲಿತವರು. ಈ ಅಂಕೆಯಿಲ್ಲದ ಪೈಪೋಟಿಯ ಪರಿಣಾಮವಾಗಿಯೇ ೧೯೩೦ರಲ್ಲಿ ಬಸ್ಸುಗಳಿಗೂ, ೧೯೩೩ರಲ್ಲಿ ಸರಕಿನ ಲಾರಿಗಳಿಗೂ ಪರವಾನಗಿಯ ಕಟ್ಟುಪಾಡುಗಳುಳ್ಳ ಕಾನೂನುಗಳು ಬಂದವು. ಅಷ್ಟರಲ್ಲಿ ಗಾಳಿ ತುಂಬಿದ ಟೈರುಗಳು ಬಂದು, ಗಟ್ಟಿ ಟೈರಿನ ಯುದ್ಧಕಾಲದ ಲಾರಿಗಳ ಯುಗವು ತಾನಾಗಿಯೇ ಮುಗಿಯುತ್ತ ಬಂದಿದ್ದಿತು.

೭

ಇದೇ ಸಂಕಟವನ್ನು ಇತರ ದೇಶಗಳು ಹೇಗೆ ಎದುರಿಸಿದವೆಂಬುದನ್ನು ಸಂಕ್ಷೇಪವಾಗಿ ನೋಡಬಹುದು. ಅಮೆರಿಕ ದೇಶದವರು ಯೂರೋಪಿಗೆ ಸಾಗಿಸಿದ್ದ ಅಪಾರ ಸಾಮಗ್ರಿಯನ್ನು ಹಿಂದಕ್ಕೆ ಒಯ್ಯುವುದಕ್ಕಿಂತ ಅಲ್ಲಿಯೇ ಮಾರುವುದು ಲೇಸೆಂದು ಬಗೆದು, ೧೯೧೯ರಲ್ಲಿ ಎಲ್ಲವನ್ನೂ ೪೦ ಕೋಟಿ ಡಾಲರುಗಳಿಗೆ ಫ್ರೆಂಚ್ ಸರ್ಕಾರಕ್ಕೆ ವಹಿಸಿಕೊಟ್ಟರು. ತಮ್ಮ ದೇಶದಲ್ಲಿ ಉಳಿದ ಸಾವಿರಾರು ಲಾರಿಗಳನ್ನು ಪೇಟೆಗೆ ಬಿಡದೆ, ರಸ್ತೆಗಳನ್ನು ಕಟ್ಟುವ ಕೆಲಸಕ್ಕಾಗಿ ಪ್ರಾಂತ ಸರ್ಕಾರಗಳಿಗೆ ಹಂಚಿದರು. ಯುದ್ಧದಲ್ಲಿ ರಸ್ತೆಯನ್ನು ಸವೆಸಿದ ಜಾತಿಯ ಬಂಡಿಗಳೇ ಶಾಂತಿಯಲ್ಲಿ ರಸ್ತೆಯನ್ನು ಕಟ್ಟಿದವು.

ಫ್ರಾನ್ಸಿನಲ್ಲಿ ಫಲವು ಬೇರೆಯಾಯಿತು. ಲಿಯೋನ್ ನಗರದ ಬೆರ್ಲಿಯೆ ಕಾರ್ಖಾನೆಯ ಲಾರಿಗಳು ವೆರ್ದೂನಿನ ಪವಿತ್ರಮಾರ್ಗದಲ್ಲಿ ಕೀರ್ತಿಯನ್ನು ಗಳಿಸಿದ್ದವು. ಆದರೆ ಯುದ್ಧಾನಂತರ ಸೇನೆಯ ಹಳೆಯ ಲಾರಿಗಳು ಅಗ್ಗದ ಬೆಲೆಗೆ ಪೇಟೆಯನ್ನು ತುಂಬಲು, ಆ ಕಾರ್ಖಾನೆಯ ಹೊಸ ಲಾರಿಗಳನ್ನು ಕೇಳುವವರೇ ಇಲ್ಲವಾಗಿ, ೧೯೨೧ರಲ್ಲಿ ಅದು ನ್ಯಾಯಾಲಯದ ಮೇಲ್ವಿಚಾರಣೆಗೆ ಒಳಗಾಯಿತು. ದೇಶವನ್ನು ಉಳಿಸಿದ ಬಂಡಿಗಳ ಭಾರದಿಂದಲೇ ಅವನ್ನು ಹೆತ್ತ ಮನೆಯು ಕುಸಿಯಿತು.

ಎರಡನೆಯ ಮಹಾಯುದ್ಧದ ಅಂತ್ಯದಲ್ಲಿ ಇದೇ ನಾಟಕವು ಬೇರೆ ವೇಷದಲ್ಲಿ ಮರುಕಳಿಸಿತು. ಫಿಲಿಪ್ಪೀನ್ಸ್ ದ್ವೀಪಗಳಲ್ಲಿ ಅಮೆರಿಕದ ಸೈನಿಕರು ಬಿಟ್ಟುಹೋದ ಜೀಪುಗಳನ್ನು ಜನರು ಕೊಂಡು, ಹಿಂಭಾಗವನ್ನು ಉದ್ದಮಾಡಿ ಬೆಂಚುಗಳನ್ನಿಟ್ಟು, ಚಿತ್ರವಿಚಿತ್ರ ಬಣ್ಣಗಳಿಂದ ಅಲಂಕರಿಸಿ, ‘ಜೀಪ್ನಿ’ ಎಂಬ ಊರಬಂಡಿಯನ್ನಾಗಿ ಮಾಡಿಕೊಂಡರು. ಇಂಗ್ಲೆಂಡಿನಲ್ಲಿ ರೋವರ್ ಕಂಪೆನಿಯ ಇಂಜಿನಿಯರಾದ ಮಾರಿಸ್ ವಿಲ್ಕ್ಸ್ ಎಂಬಾತನು ಆಂಗಲ್ಸಿ ದ್ವೀಪದಲ್ಲಿದ್ದ ತನ್ನ ಹೊಲದ ಕೆಲಸಕ್ಕೆ ಸೇನೆಯ ಹಳೆಯ ಜೀಪೊಂದನ್ನು ಉಪಯೋಗಿಸುತ್ತಿದ್ದನು. ಅದು ಪೂರ್ತಿ ಸವೆದರೆ ಮತ್ತೇನು ಗತಿಯೆಂಬ ಪ್ರಶ್ನೆಯಿಂದ ಹೊಸ ಬಂಡಿಯ ಆಲೋಚನೆಯು ಹುಟ್ಟಿತು. ೧೯೪೭ರಲ್ಲಿ ಜೀಪಿನ ಚೌಕಟ್ಟಿನ ಮೇಲೆಯೇ ಮೊದಲ ಪ್ರಯೋಗವು ನಡೆದು, ೧೯೪೮ರ ಏಪ್ರಿಲ್ ೩೦ರಂದು ಆಮ್‌ಸ್ಟರ್‌ಡಾಮ್ ನಗರದ ಪ್ರದರ್ಶನದಲ್ಲಿ ಲ್ಯಾಂಡ್ ರೋವರ್ ಎಂಬ ಬಂಡಿಯು ಲೋಕಕ್ಕೆ ಕಾಣಿಸಿಕೊಂಡಿತು.

ಕನ್ನಡ ನಾಡೂ ಇಂತಹ ಒಂದು ಪುನರುಜ್ಜೀವನವನ್ನು ಕಂಡಿದೆ. ಅದು ಲಾರಿ ಅಲ್ಲ, ಆಕಾಶದ ಲಾರಿ ಎನ್ನಬಹುದಾದ ವಿಮಾನ. ಯುದ್ಧವು ಮುಗಿದಾಗ ಬ್ರಿಟಿಷ್ ವಿಮಾನದಳದವರು ಅಮೆರಿಕದಿಂದ ಎರವಲು ತಂದಿದ್ದ ಲಿಬರೇಟರ್ ಎಂಬ ನಾಲ್ಕು ಎಂಜಿನ್ನುಗಳ ಬಾಂಬು ವಿಮಾನಗಳನ್ನು ಕಾನ್ಪುರದಲ್ಲಿ ಗುಡ್ಡೆಹಾಕಿ, ಮತ್ತಾರೂ ಬಳಸದಂತೆ ಬೇಕೆಂದೇ ಕೆಡಿಸಿಟ್ಟುಹೋಗಿದ್ದರು. ೧೯೪೮ರಲ್ಲಿ, ಸ್ವತಂತ್ರ ಭಾರತಕ್ಕೆ ಬಾಂಬು ವಿಮಾನಗಳು ಅವಶ್ಯವಾದಾಗ, ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯ ಕೆಲಸಗಾರರು ಆ ರಾಶಿಯಲ್ಲಿ ಹುಡುಕಿ, ಒಂದರ ಅಂಗವನ್ನು ಮತ್ತೊಂದಕ್ಕೆ ಕೂಡಿಸಿ, ಹಾರುವಷ್ಟು ಮಟ್ಟಿಗೆ ಅಣಿಮಾಡಿದರು. ಕಾರ್ಖಾನೆಯ ವೈಮಾನಿಕನಾದ ಜಮ್ಷೆಡ್ ಮುನ್ಶಿ ಎಂಬ ಧೀರನು ಅರೆಜೀವದ ಆ ವಿಮಾನಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದನು. ನಲವತ್ತಕ್ಕೂ ಹೆಚ್ಚು ವಿಮಾನಗಳು ಹೀಗೆ ಬದುಕಿದವು. ೧೯೬೮ರ ವರೆಗೆ ಅವು ಭಾರತದ ಸೇವೆಯಲ್ಲಿದ್ದವು. ಲೋಕದ ಬೇರೆ ಬೇರೆ ವಸ್ತುಸಂಗ್ರಹಾಲಯಗಳಲ್ಲಿ ಇಂದು ಉಳಿದಿರುವ ಆ ಜಾತಿಯ ಕೆಲವು ವಿಮಾನಗಳು, ಬೆಂಗಳೂರಿನ ಮೇಸ್ತ್ರಿಗಳ ಕೈಯಿಂದ ಮರುಹುಟ್ಟು ಪಡೆದುವೇ ಆಗಿವೆ.

೮

ಪ್ರಥಮ ಮಹಾಯುದ್ಧದ ಸಾವಿರಾರು ಲಾರಿಗಳಲ್ಲಿ ಇಂದು ಉಳಿದಿರುವುವು ಅತ್ಯಲ್ಪ. ಬಂಡಿಯು ಸತ್ತ ಮೇಲೆ ಅದರ ಎಂಜಿನ್ನು ಎಲ್ಲಿಯೋ ಗರಗಸವನ್ನು ತಿರುಗಿಸಿತು. ತೊಟ್ಟಿಯು ಕೋಳಿಯ ಗೂಡಾಯಿತು. ಚೌಕಟ್ಟು ಹಳ್ಳಕ್ಕೆ ಸೇತುವೆಯಾಯಿತು. ಅಂತಹ ಮೂಳೆಗಳನ್ನು ಹುಡುಕಿ ಕೊಂಡು, ವರ್ಷಗಟ್ಟಲೆ ಶ್ರಮಪಟ್ಟು ಮತ್ತೆ ಓಡಿಸುವ ಆಸಕ್ತರು ಪಶ್ಚಿಮ ದೇಶಗಳಲ್ಲಿ ಅನೇಕರಿದ್ದಾರೆ. ‘ಬಿ’ ಮಾದರಿಯ ಬಸ್ಸುಗಳಲ್ಲಿ ರಣದಿಂದ ಹಿಂದಿರುಗಿದ ಒಂದನ್ನು ೧೯೨೦ರಲ್ಲಿ ಐದನೆಯ ಜಾರ್ಜ್ ಚಕ್ರವರ್ತಿಯು ತನ್ನ ಅರಮನೆಯ ಅಂಗಳದಲ್ಲಿ ಏರಿ ಗೌರವಿಸಿದನು. ಅದು ಈಗ ಲಂಡನ್ನಿನ ಯುದ್ಧ ವಸ್ತುಸಂಗ್ರಹಾಲಯದ ಆಸ್ತಿ. ಅದೇ ಜಾತಿಯ ಮತ್ತೊಂದನ್ನು ಲಂಡನ್ ಸಾರಿಗೆ ವಸ್ತುಸಂಗ್ರಹಾಲಯದವರು ಪುನರುದ್ಧಾರಮಾಡಿ, ಯುದ್ಧವು ಆರಂಭವಾಗಿ ನೂರು ವರ್ಷ ತುಂಬಿದ ೨೦೧೪ರಲ್ಲಿ, ಅದರ ಸೋದರಬಸ್ಸುಗಳು ಹೋಗಿದ್ದ ಬೆಲ್ಜಿಯಮ್ ಫ್ರಾನ್ಸುಗಳ ಹಳೆಯ ರಣಭೂಮಿಗೆ ಕೊಂಡೊಯ್ದರು. ಮೊದಲ ಸಲ ಅಂತಹ ಬಸ್ಸುಗಳಲ್ಲಿ ಹೋದ ಯುವಕರಲ್ಲಿ ಹಿಂದಿರುಗದವರು ಎಷ್ಟೋ ಮಂದಿ. ಅವರ ಹೆಸರುಗಳು ಅಲ್ಲಿಯ ಕಲ್ಲುಗಳ ಮೇಲೆ ಇವೆ.

ಹಳೆಯ ಸೇನಾ ಲಾರಿಯು ಒಳ್ಳೆಯದನ್ನು ಮಾಡಿತೋ ಕೆಟ್ಟದ್ದನ್ನು ಮಾಡಿತೋ ಎಂದು ಕೇಳಿದರೆ ಒಂದೇ ಮಾತಿನ ಉತ್ತರವು ಸಿಕ್ಕದು. ಒಂದು ಕಡೆ ಅದು ಕಾರ್ಖಾನೆಯನ್ನು ಮುಳುಗಿಸಿತು; ಮತ್ತೊಂದು ಕಡೆ ಪಟ್ಟಣವನ್ನು ಕಟ್ಟಿತು. ಒಬ್ಬ ಸಿಪಾಯಿಗೆ ಅನ್ನವನ್ನು ಕೊಟ್ಟಿತು. ಮತ್ತೊಬ್ಬನ ಗಂಟನ್ನು ತಿಂದಿತು. ವ್ಯತ್ಯಾಸವು ಬಂಡಿಯಲ್ಲಿರಲಿಲ್ಲ. ಅದರ ಬಿರುಕುಗಳನ್ನು ಮುಚ್ಚದೆ ತೋರಿಸಿ, ಸರಿಪಡಿಸಿ, ಅದರ ಗುಣದೋಷಗಳಿಗೆ ತಾನೇ ಹೊಣೆಯೆಂದು ನಿಂತವನ ಕೈಯಲ್ಲಿ ಅದು ಬಾಳಿತು. ಬಣ್ಣವನ್ನು ಬಳಿದು ಕೈತೊಳೆದುಕೊಂಡವನಿಂದ ಬಂದ ಬಂಡಿಯು ಕೊಂಡವನನ್ನು ನಡುದಾರಿಯಲ್ಲಿ ಬಿಟ್ಟಿತು. ಅರ್ಜುನನ ರಥವೂ ಅಸ್ತ್ರಗಳಿಂದ ಎಂದೋ ಸುಟ್ಟುಹೋಗಿದ್ದಿತು. ಸಾರಥಿಯು ಇಳಿಯದೆ ಇದ್ದಷ್ಟು ಕಾಲವೂ ಅದು ಓಡುತ್ತಲೇ ಇದ್ದಿತು.